ಪಂಪ್‌ಹೌಸಿನ ಆಚೆ

೨೦೨೫ರ ಫೆಬ್ರವರಿ ೯, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ್ದ, ದೂರ ಅಳೆಯುವ ಪುಟ್ಟ ಮೀಟರನ್ನು ಅವಳು ಸೊನ್ನೆಗೆ ತಂದಳು. ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕೆಂದು ಗಂಡ ಎಂದೋ ಹೇಳಿಕೊಟ್ಟಿದ್ದ. ಸೈಕಲ್ ಅವನದೇ. ಸೀಟನ್ನು ನಿನ್ನೆ ಆರು ಸೆಂಟಿಮೀಟರ್ ಇಳಿಸಿಕೊಂಡಿದ್ದಳು. ಹಿಡಿಕೆಯ ರಬ್ಬರು ಅವನ ಹೆಬ್ಬೆರಳು ಕೂರುತ್ತಿದ್ದಲ್ಲಿ ಸವೆದು ನುಣುಪಾಗಿತ್ತು. ಅವಳ ಹೆಬ್ಬೆರಳು ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ.

ಸೇತುವೆಯ ಕೆಳಗೆ ಟೈಲರ್ ಕಾಯುತ್ತಿದ್ದ. ಹನ್ನೊಂದು ವರ್ಷ ಪ್ರತಿ ಭಾನುವಾರ ಅವಳ ಗಂಡನ ಜೊತೆ ಈ ನದಿದಂಡೆಯ ದಾರಿಯಲ್ಲಿ ಸೈಕಲ್ ಹೊಡೆದ ಸ್ನೇಹಿತ. ಗಂಡ ತೀರಿಕೊಂಡ ಮೇಲೆ ಐದು ತಿಂಗಳಿಂದ ಇತ್ತ ಬಂದಿರಲಿಲ್ಲ. ನೀವಿಬ್ಬರು ಹೋಗುತ್ತಿದ್ದ ದಾರಿಯಲ್ಲೇ ನನ್ನನ್ನೊಮ್ಮೆ ಕರೆದುಕೊಂಡು ಹೋಗಿ ಎಂದು ಅವಳು ಅಂಗಡಿಗೇ ಹೋಗಿ ಕೇಳಿದಾಗ, ಕತ್ತರಿಯನ್ನು ಬಟ್ಟೆಯ ನಡುವೆ ನಿಲ್ಲಿಸಿ, ಮಂಡಿನೋವು, ಬಿಸಿಲು, ಯೂನಿಫಾರಂ ಆರ್ಡರು ಎಂದು ಮೂರು ನೆಪ ಹೇಳಿದ್ದ. ನಾಲ್ಕನೆಯದು ಹೊಳೆಯದೆ ಒಪ್ಪಿಕೊಂಡಿದ್ದ.

"ನಿಧಾನಕ್ಕೆ ಹೋಗೋಣ ಅತ್ತಿಗೆ. ನದಿ ಎಲ್ಲಿಗೂ ಓಡಿಹೋಗಲ್ಲ."

"ಓಡೋದೇ ಅಲ್ವಾ ಅದರ ಕೆಲಸ?" ಎಂದು ಅವಳು ಪೆಡಲ್ ತುಳಿದಳು.

ನದಿ ಎಡಕ್ಕಿತ್ತು. ದಾರಿ ಇಬ್ಬರು ಜೊತೆಯಾಗಿ ಹೋಗುವಷ್ಟು ಅಗಲವಿತ್ತು, ಮೂವರಾದರೆ ಒಬ್ಬರು ಹಿಂದುಳಿಯಬೇಕು. ಗಾಳ ಹಾಕಿ ಕೂತವರು ತಲೆ ಎತ್ತದೆ ಕಾಲು ಮಡಚಿ ದಾರಿ ಬಿಟ್ಟರು. ಟೈಲರ್ ದಾರಿಯುದ್ದಕ್ಕೂ ಅವಳ ಗಂಡನ ಕಥೆ ಹೇಳಿದ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿದ್ದ ಗಂಡ ಮೊದಲ ಸಲ ಅಂಗಡಿಗೆ ಬಂದಾಗ ಟೈಲರನ ಟೇಪನ್ನು ತನ್ನ ಉಕ್ಕಿನ ಪಟ್ಟಿಯ ಪಕ್ಕ ಹಾಸಿ, ಮೀಟರಿಗೆ ಮೂರು ಮಿಲಿಮೀಟರ್ ಹಿಗ್ಗಿದೆ ಎಂದಿದ್ದನಂತೆ. ಹಾಗಾದರೆ ಊರಿನ ಹೊಟ್ಟೆಗಳೆಲ್ಲ ನನ್ನ ಲೆಕ್ಕಕ್ಕಿಂತ ದಪ್ಪ ಅಂತಾಯಿತು ಸ್ವಾಮಿ ಎಂದು ಟೈಲರ್ ಅಂದದ್ದಕ್ಕೆ, ನಗದೆ, ಹೌದು ಎಂದಿದ್ದನಂತೆ. ಅವಳು ಆ ಕಥೆಯನ್ನು ಮನೆಯಲ್ಲಿ ಬೇರೆ ಬಾಯಿಂದ ಎಷ್ಟೋ ಸಲ ಕೇಳಿದ್ದಳು. ಅವನು ಹಾಗೆಯೇ. ನೆಂಟರ ಮನೆಗೆ ಹೋದರೆ ಗೋಡೆಯ ಥರ್ಮಾಮೀಟರನ್ನು ಮೊದಲು ಮಾತಾಡಿಸಿ ಆಮೇಲೆ ನೆಂಟರನ್ನು ಮಾತಾಡಿಸುತ್ತಿದ್ದ. ಮಗಳು ಪರೀಕ್ಷೆಯಲ್ಲಿ ಯೂನಿಟ್ ಬಿಟ್ಟು ಉತ್ತರ ಬರೆದಾಗ, "ಹತ್ತು ಅಂದ್ರೆ ಹತ್ತು ಏನು? ಆನೆಯೋ, ಅಕ್ಕಿಕಾಳೋ?" ಎಂದು ಕೇಳಿ ಅವಳನ್ನು ಅಳಿಸಿದ್ದ.

ಅಂಥವನ ನೋಟ್‌ಬುಕ್ಕು ಈಗ ಅವಳ ಹೆಗಲಚೀಲದಲ್ಲಿತ್ತು. ಕಳೆದ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದರವರೆಗೆ ಇಪ್ಪತ್ತೆರಡು ಭಾನುವಾರಗಳು. ಅದಕ್ಕೆ ಹಿಂದಿನ ಪುಸ್ತಕಗಳು ರದ್ದಿಗೆ ಹೋಗಿದ್ದವು. ತಾರೀಖಿನ ಮುಂದೆ ಪ್ರತಿ ಸಲವೂ ೩೧.೪ ಕಿ.ಮೀ. ಎಂದಿತ್ತು. ಅದರ ಪಕ್ಕ ಯೂನಿಟ್ ಇಲ್ಲದ ಇನ್ನೊಂದು ಅಂಕೆ. ಏಪ್ರಿಲ್‌ನಲ್ಲಿ ೧.೦೮. ಮೇ ಕೊನೆಗೆ ೧.೩೧. ಒಂದೆರಡು ವಾರ ತುಸು ಇಳಿದು ಮತ್ತೆ ಏರಿ, ಆಗಸ್ಟಿನಲ್ಲಿ ಎರಡು ದಾಟಿ, ಕೊನೆಯ ಭಾನುವಾರ ೨.೩೬. ಜೂನ್ ತಿಂಗಳ ಒಂದು ಕಡೆ ಅಂಕೆಯ ಬದಲು ‘ಕಾಣಲಿಲ್ಲ’ ಎಂದಿತ್ತು.

ಬೇರೆಯವರಿಗೆ ಅದು ಏನೂ ಅನ್ನಿಸುತ್ತಿರಲಿಲ್ಲ. ಅವಳು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವಳು. ಕಿಡ್ನಿ ಸೋಲುತ್ತಿರುವವರ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ಹೀಗೆಯೇ: ೧.೨ರೊಳಗಿದ್ದರೆ ಕ್ಷೇಮ, ಆಮೇಲೆ ಒಂದೊಂದೇ ಮೆಟ್ಟಿಲು. ಕೊನೆಯ ಸವಾರಿಯಾದ ನಾಲ್ಕನೆಯ ದಿನ ಗಂಡನನ್ನು ಆಸ್ಪತ್ರೆಗೆ ಸೇರಿಸಿದಾಗ ಅವನ ರಕ್ತವನ್ನು ಯಂತ್ರಕ್ಕೆ ಇಟ್ಟವಳು ಅವಳೇ. ೯.೮ ಬಂದಿತ್ತು. ಒಂಬತ್ತು ದಿನಕ್ಕೆ ಅವನು ತೀರಿಕೊಂಡ. ಇದು ವರ್ಷದಿಂದ ನಡೆದಿರಬೇಕು, ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದು ವೈದ್ಯರು ಅವಳ ಮುಖ ನೋಡದೆ ಹೇಳಿದ್ದರು.

ಹಾಗಾದರೆ ಅವನಿಗೆ ಗೊತ್ತಿತ್ತೇ? ನದಿಯ ದಾರಿಯಲ್ಲಿ ಎಲ್ಲೋ ಭಾನುವಾರವೂ ಬಾಗಿಲು ತೆರೆಯುವ ಲ್ಯಾಬಿಗೆ ಹೋಗಿ, ಹೆಂಡತಿಯ ಕಣ್ಣಿಗೆ ಬೀಳದಂತೆ ತೋಳು ಕೊಡುತ್ತಿದ್ದನೇ? ವಾರವಾರ ಈ ಪರೀಕ್ಷೆ ಯಾರೂ ಮಾಡಿಸುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಅವನಾದರೆ ಮಾಡಿಸುತ್ತಾನೆ ಎಂದು ಮನಸ್ಸು ಹೇಳುತ್ತಿತ್ತು. ಐದು ತಿಂಗಳಿಂದ ಅವಳು ಇದನ್ನು ಮಗಳಿಗೂ ಹೇಳದೆ ಒಬ್ಬಳೇ ಹೊತ್ತುಕೊಂಡಿದ್ದಳು.

ಪಾಳುಬಿದ್ದ ಪಂಪ್‌ಹೌಸಿನ ಮುಂದೆ ಟೈಲರ್ ಇಳಿದ. ಕಲ್ಲುಬೆಂಚಿನ ಧೂಳು ಕೊಡವಿ, ಕಡಲೆಕಾಯಿಯ ಪೊಟ್ಟಣ ಬಿಚ್ಚಿ, ಇಷ್ಟೇ ಅತ್ತಿಗೆ, ಸ್ವಲ್ಪ ಸುಧಾರಿಸಿಕೊಂಡು ವಾಪಸ್ ಹೊರಡುವುದು ಎಂದ. ಅವಳು ಮೀಟರ್ ನೋಡಿದಳು. ೧೨.೬. ಎರಡರಿಂದ ಗುಣಿಸಿದಳು.

"ಇಪ್ಪತ್ತೈದು ಚಿಲ್ಲರೆ ಆಗತ್ತೆ," ಎಂದಳು. "ಅವರ ಪುಸ್ತಕದಲ್ಲಿ ಮೂವತ್ತೊಂದೂವರೆ ಹತ್ತಿರ ಇದೆ."

ಟೈಲರ್ ಒಂದು ಕಾಯಿ ಒಡೆದ. ಬೀಜ ಬಾಯಿಗೆ ಹಾಕಿಕೊಳ್ಳಲಿಲ್ಲ.

"ನಮ್ಮನೆಯವಳಿಗೆ ಹೇಳ್ಬೇಡಿ," ಎಂದ ಕೊನೆಗೆ. "ಹನ್ನೊಂದು ವರ್ಷದಿಂದ ಅವಳ ಹತ್ರ ಮೂವತ್ತೊಂದು ಅಂತಾನೇ ಕೊಚ್ಕೊಂಡಿದೀನಿ. ಅದಕ್ಕೇ ದಿನಾ ಎರಡು ಮೊಟ್ಟೆ ಜಾಸ್ತಿ ಕೊಡ್ತಾಳೆ. ನನ್ನ ಮಂಡಿ ಇಲ್ಲಿಗೇ ಸಾಕು ಅನ್ನತ್ತೆ. ನಾನಿಲ್ಲಿ ಕೂತಿರ್ತಿದ್ದೆ, ಅವನೊಬ್ಬನೇ ಮುಂದೆ ಹೋಗ್ತಿದ್ದ."

"ಎಲ್ಲಿಗೆ?"

"ಗೊತ್ತಿಲ್ಲ. ನಲವತ್ತು ನಿಮಿಷಕ್ಕೆ ಬರ್ತಿದ್ದ." ಅವನು ಸಿಪ್ಪೆಯನ್ನು ಬೆರಳಲ್ಲಿ ಪುಡಿಮಾಡಿದ. "ನೀವಂದ್ಕೊಂಡ ಹಾಗೆ ಏನೂ ಇಲ್ಲ ಅತ್ತಿಗೆ. ಅಂಥವನಲ್ಲ."

"ನಾನೇನಂದ್ಕೊಂಡೆ?"

ಟೈಲರ್ ಕೈಯ ಸಿಪ್ಪೆ ಕೊಡವಿದ. ನದಿಯ ತಿರುವಿನ ಕಡೆ ನೋಡಿದ. "ಒಂದ್ಸಲಾನೂ ಬಾ ಅಂತ ಕರೀಲಿಲ್ಲ. ನಾನೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದ ಅನ್ಸತ್ತೆ."

ಅವಳು ಸೈಕಲ್ ಹತ್ತಿದಳು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಟೈಲರ್ ಬೆಂಚಿನ ಒಂದು ತುದಿಗೆ ಸರಿದು ಕೂತಿದ್ದ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು.

ಅಲ್ಲಿಂದ ಮುಂದೆ ಮಣ್ಣಿನ ದಾರಿ. ಹದಿಮೂರು. ಹದಿನಾಲ್ಕು. ಮನೆಗಳಿರಲಿಲ್ಲ, ಅಂಗಡಿಯಿರಲಿಲ್ಲ, ಯಾವುದೇ ಲ್ಯಾಬಿನ ಬೋರ್ಡಿರಲಿಲ್ಲ. ಆಳೆತ್ತರದ ಜೊಂಡು ಎರಡೂ ಕಡೆ ಉಜ್ಜುತ್ತಿತ್ತು. ೧೫.೭ಕ್ಕೆ ದಾರಿ ಮುಗಿದು ನೀರಿಗೆ ಇಳಿಯುವ ಮೆಟ್ಟಿಲುಗಳಾದವು. ನೀರಿನಲ್ಲಿ ಒಂದು ಕಾಂಕ್ರೀಟ್ ಕಂಬ ನಿಂತಿತ್ತು. ಅದಕ್ಕೆ ಬಿಳಿಯ ತಗಡು, ತಗಡಿನ ಮೇಲೆ ಕೆಳಗಿನಿಂದ ಮೇಲಕ್ಕೆ ಕಪ್ಪು ಗೆರೆಗಳು, ಗೆರೆಗಳ ಪಕ್ಕ ಅಂಕೆಗಳು. ನದಿಯ ನೀರಿನ ಮಟ್ಟ ಅಳೆಯುವ ಪಟ್ಟಿ. ಎರಡೂವರೆಯ ಸ್ವಲ್ಪ ಕೆಳಗೆ ಹೋದ ವರ್ಷದ ಕೆಸರು ಒಣಗಿ ಗೆರೆ ಎಳೆದಿತ್ತು. ಬುಡದಲ್ಲಿ ತೇಲುವ ಕಳೆಯ ಒಂದು ಹಾಸು ಬಂದು ತಗಡಿಗೆ ಅಂಟಿಕೊಂಡು, ಗೆರೆಗಳನ್ನು ಮುಚ್ಚಿ, ಮತ್ತೆ ಹರಿದುಹೋಯಿತು.

ಅವಳು ಸೈಕಲ್ಲನ್ನು ಜೊಂಡಿನ ಪಕ್ಕ ಮಲಗಿಸಿ ಮೆಟ್ಟಿಲ ಮೇಲೆ ಕೂತಳು. ಪುಸ್ತಕ ತೆರೆದು ಇಪ್ಪತ್ತೆರಡು ಸಾಲುಗಳನ್ನೂ ಮತ್ತೊಮ್ಮೆ ಓದಿದಳು. ನದಿ ಏಪ್ರಿಲ್‌ನಿಂದ ತುಂಬುತ್ತಾ ಬಂದಿತ್ತು, ಅಷ್ಟೇ. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎದೆಯಿಂದ ಏನೋ ಇಳಿದಂತಾಗಿ ನಗು ಬಂತು. ನಗುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವನಿಗೆ ಗೊತ್ತಿರಲಿಲ್ಲ. ಹಾಗಾದರೆ ಗೊತ್ತಾಗಬೇಕಿದ್ದದ್ದು ಯಾರಿಗೆ? ಜುಲೈನ ಒಂದು ಸಂಜೆ ಅವನು ಬಾಗಿಲಲ್ಲಿ ಕೂತು, ಬೂಟು ಯಾಕೋ ಬಿಗಿಯಾಗುತ್ತಿದೆ, ಚರ್ಮ ಕುಗ್ಗಿರಬೇಕು ಎಂದಿದ್ದ. ಅವಳು ಒಳಗಿನಿಂದಲೇ, ಇನ್ನೊಂದು ನಂಬರ್ ದೊಡ್ಡದು ತಗೊಳ್ಳಿ ಎಂದಿದ್ದಳು. ಅಂದು ಬೆಳಗಿನಿಂದ ಎಪ್ಪತ್ತು ಜನರ ರಕ್ತ ನೋಡಿ ಬಂದಿದ್ದಳು. ಎದ್ದು ಹೋಗಿ ಅವನ ಪಾದದ ಮೇಲೆ ಬೆರಳು ಒತ್ತಿ, ಊದಿದೆಯೇ ಎಂದು ನೋಡಿರಲಿಲ್ಲ. ಮರುದಿನ ಅವನು ಒಂಬತ್ತನೇ ನಂಬರಿನ ಬೂಟು ತಂದ.

ದೂರದಲ್ಲಿ ಒಂದು ದೋಣಿ ದಾಟಿತು. ಅದರ ಅಲೆ ಬಂದು ಕಂಬವನ್ನು ತೊಳೆದು, ನೀರು ಗೆರೆಗಳ ಮೇಲೆ ಹತ್ತಿ ಇಳಿಯಿತು. ಅವಳು ಪೆನ್ನು ಹಿಡಿದು ಕಾದಳು. ಅಲೆ ಪೂರ್ತಿ ನಿಂತ ಮೇಲೆ ಮೆಟ್ಟಿಲಿನ ಕೊನೆಗೆ ಇಳಿದು, ಕಣ್ಣು ಪಟ್ಟಿಯ ಮಟ್ಟಕ್ಕೆ ಬರುವ ಹಾಗೆ ಬಗ್ಗಿ ಓದಿದಳು. ಇಪ್ಪತ್ತೆರಡನೆಯ ಸಾಲಿನ ಕೆಳಗೆ ತಾರೀಖು ಹಾಕಿದಳು. ಕಿಲೋಮೀಟರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಳು. ಅದರ ಪಕ್ಕದಲ್ಲಿ, ಯೂನಿಟ್ ಸೇರಿಸಿ, ಬರೆದಳು: ೦.೯೪ ಮೀಟರ್.