ಕಂಬಳಿ ಗಂಟು ಬಿಚ್ಚಿ ಹರಗೋಲು ಹತ್ರಿ

ನಮ್ಮ ಊರು ಮಲಪ್ರಭೆಯ ದಂಡೆಗಿದೆ. ಮನೆಗಳೆಲ್ಲ ಈ ದಂಡೆಗೆ. ಹೈಸ್ಕೂಲು, ದವಾಖಾನೆ, ಬದಾಮಿ ಬಸ್ಸು ಎಲ್ಲಾ ಆ ದಂಡೆಗೆ. ಊರು ಕಟ್ಟಿದ ಹಿರಿಯರಿಗೆ ಏನು ದಣಿವಾಗಿತ್ತೋ, ಹೊಳೆ ದಾಟುವ ಮೊದಲೇ ಗಂಟುಮೂಟೆ ಇಳಿಸಿಬಿಟ್ಟಿದ್ದಾರೆ. ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ ನಡೆದೇ ದಾಟುತ್ತೇವೆ. ಮಳೆಗಾಲ ಬಂದರೆ ಹರಗೋಲೇ ಗತಿ. ಬಿದಿರಿನ ದೊಡ್ಡ ಬುಟ್ಟಿಯಂಥ ಆ ದೋಣಿಯಲ್ಲಿ ಊರಿನ ಅರ್ಧ ಮಂದಿ, ಅವರ ಆಡು, ಅವರ ಸೈಕಲ್ಲು ಎಲ್ಲಾ ಒಮ್ಮೆಗೇ ಕೂಡುತ್ತವೆ.

ಇಂಥ ಊರಿನ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈಸು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಂಬಿರಿ. ನಾನು ಸಾವಿತ್ರೆವ್ವ, ಇಲ್ಲಿ ಬಾಲವಾಡಿ ನಡೆಸುವವಳು, ನನಗೂ ಬರುತ್ತಿರಲಿಲ್ಲ. ಅಮಸಿದ್ದಪ್ಪನ ಮನೆ ನನ್ನ ಮಗ್ಗುಲಿಗೇ ಇದೆ. ನಡುವಿನ ಗೋಡೆ ಗಿಡ್ಡ, ಆ ಮನೆಯವರ ದನಿ ದೊಡ್ಡದು. ಹಾಗಾಗಿ ನಾನು ಹೇಳುವ ಮಾತುಗಳನ್ನು ಕದ್ದು ಕೇಳಿದ್ದಲ್ಲ, ಅವೇ ಬಂದು ಕಿವಿಗೆ ಬಿದ್ದವು.

ಇದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಬೇಸಿಗೆಯ ಮಾತು. ಅಮಸಿದ್ದಪ್ಪನ ಮಗಳು ರೇಣವ್ವ ಊರ ಸಾಲೆಯಲ್ಲಿ ಏಳನೇ ಇಯತ್ತೆ ಪಾಸಾಗಿದ್ದಳು. ಜೂನಿನಲ್ಲಿ ಹೈಸ್ಕೂಲಿಗೆ ಸೇರಬೇಕು. ಸೇರಬೇಕೆಂದರೆ ದಿನಾ ಹೊಳೆ ದಾಟಬೇಕು. ಅಪ್ಪ ಆಗಲೇ ಹೇಳಿಬಿಟ್ಟಿದ್ದ.

"ಸಾಲಿ ಸಾಕು. ನನ್ನ ಮಗಳು ಬ್ಯಾರಿಸ್ಟರ್ ಆಗೂದು ಬ್ಯಾಡ, ಜೀವಂತ ಇದ್ರ ಸಾಕು."

ಅವನನ್ನು ಬೈಯಬೇಡಿ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಹರಗೋಲು ಮಗುಚಿ ಅವನ ತಮ್ಮ ಹುಲ್ಲಪ್ಪ ಹೊಳೆಯ ಪಾಲಾಗಿದ್ದ. ಹುಲ್ಲಪ್ಪ ಎಂದರೆ ಬಾವಿಗೆ ಮೇಲಿನಿಂದ ಜಿಗಿದು ತಳದ ಕಲ್ಲು ತರುತ್ತಿದ್ದ ಹುಡುಗ. ಅಂದು ಈಸು ಬಾರದವರು ಬಿದಿರು ಹಿಡಿದು ಬದುಕಿದರು, ಈಸು ಬರುತ್ತಿದ್ದವನು ಹೋದ. ಕೆಳಗಿನ ಊರಿನ ಜಾಲಿಗಿಡದ ಬುಡದಲ್ಲಿ ಅವನು ಸಿಕ್ಕಾಗ ಕಂಬಳಿ ಮೈಮೇಲೆಯೇ ಇತ್ತು, ಕೊರಳ ಕೆಳಗಿನ ಗಂಟು ಹಾಗೆಯೇ ಇತ್ತು. ಆ ಗಂಟನ್ನು ಅಮಸಿದ್ದಪ್ಪನೇ ತನ್ನ ಕೈಯಾರೆ ಬಿಚ್ಚಿದ್ದ.

ನಮ್ಮಲ್ಲಿ ಕುರುಬರ ಗಂಡಸರು ಹರಗೋಲು ಹತ್ತುವ ಮೊದಲು ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿ, ಎದೆಗೆ ಬಿಗಿಯಾಗಿ ಗಂಟು ಹೊಡೆಯುತ್ತಾರೆ. ನೀರಿಗೆ ಒಂದು ಚಿಟಿಕೆ ಭಂಡಾರದ ಅರಿಷಿಣ ಹಾಕಿ ಕುಲದೇವರು ಬೀರಪ್ಪನನ್ನು ನೆನೆಯುತ್ತಾರೆ. ಕಂಬಳಿ ಎಂದರೆ ದೇವರ ಗದ್ದುಗೆ. ಅದನ್ನು ಹರಗೋಲಿನಲ್ಲಿ ಕಾಲ ಬಳಿ ಇಡುವುದುಂಟೇ? ಹುಲ್ಲಪ್ಪನನ್ನು ಮಣ್ಣು ಮಾಡಿದ ದಿನ ಊರೆಲ್ಲ ಒಂದೇ ಮಾತು ಆಡಿತು.

"ಸಾಯೂತನಕ ಕಂಬಳಿ ಬಿಡಲಿಲ್ಲ ನೋಡ್ರಿ. ದೊಡ್ಡ ಭಕ್ತ."

ಆ ಮಾತು ಕೇಳಿ ಅಮಸಿದ್ದಪ್ಪನಿಗೆ ದುಃಖದಲ್ಲೂ ಒಂದಿಷ್ಟು ಸಮಾಧಾನವಾಗಿತ್ತು.

ಏಪ್ರಿಲ್ ಕೊನೆಗೆ ಒಂದು ಸಂಜೆ ಶಾಬುದ್ದೀನ ಬಂದ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ನಮ್ಮ ಓಣಿಯವನೇ, ಹುಲ್ಲಪ್ಪನ ಜೀವದ ಗೆಳೆಯ. ಗೆಳೆಯ ಹೋದ ಮೇಲೆ ಎಲ್ಲೆಲ್ಲೋ ತಿರುಗಿ, ಓಡುವ ನೀರಿನಲ್ಲಿ ದೋಣಿ ನಡೆಸುವುದು, ಮುಳುಗುವವರನ್ನು ಉಳಿಸುವುದು ಕಲಿತು ಬಂದಿದ್ದ.

"ಅಣ್ಣಾ, ಬಾಗಲಕೋಟಿಯಿಂದ ಒಂದು ಸಂಘದವರು ಬರ್ತಾರ. ಮೇ ತಿಂಗಳದಾಗ ಡ್ಯಾಮಿನ ನೀರು ಬಿಟ್ಟಾಗ, ಮ್ಯಾಲಿನ ಬಂಡಿಗಲ್ಲಿನ್ಯಾಗ ಹುಡುಗರಿಗೆ ಶಿಬಿರ. ಕಯಾಕ್ ಅಂತ ಸಣ್ಣ ದೋಣಿ ಇರ್ತಾವು, ಒಬ್ಬರ ಕುಂಡ್ರೂವಂಥಾವು. ನನ್ನ ತಂಗಿ ನಜಮಾ ಬರ್ತಾಳ. ರೇಣವ್ವನ್ನೂ ಕಳಸು."

"ಹೊಳಿ ಬ್ಯಾಡಂತ ನಾ ಸಾಲೀನ ಬಿಡಸಾಕತ್ತೇನಿ. ನೀ ಅಕೀನ್ನ ಹೊಳಿಗೇ ಕರೀತಿಯಲ್ಲೋ ಶಾಬು!"

"ಈಸ ಕಲತ್ರ ಹೊಳಿ ಹೆದರಿಕಿ ಹೋಗತೈತಣ್ಣಾ."

"ಹುಲ್ಲಪ್ಪಗ ಈಸ ಬರ್ತಿದ್ದಿಲ್ಲೇನು?"

ಶಾಬುದ್ದೀನನಿಗೆ ಉತ್ತರ ಗೊತ್ತಿತ್ತು. ಆದರೆ ಹೇಳಿದರೆ ಅಣ್ಣನ ಎದೆ ಒಡೆಯುತ್ತದೆ ಎಂದು ನುಂಗಿಕೊಂಡ. ಬೇರೆ ಮಾತು ತೆಗೆದ.

"ಬರೇ ಈಸಲ್ಲ. ಅಲ್ಲಿ ಮೊದಲ ಜಾಕೀಟ್ ಹಾಕತಾರ. ನೀರಾಗ ಬಿದ್ರ ಅದ ಎತ್ತಿ ಹಿಡೀತೈತಿ."

"ಹೊಳಿ ನಮಗ ತಾಯಿ ಇದ್ದಂಗ. ತಾಯಿ ಕಡೆ ಹೋಗಾಕ ಯಾರರ ಜಾಕೀಟ್ ಹಾಕ್ಕೊಂತಾರೇನು?"

ಹೊರಸಿನ ಮೇಲೆ ಕುಳಿತಿದ್ದ ಅವನ ತಾಯಿ ಬೋರವ್ವ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು.

"ನಿನ್ನ ನನ್ನ ಮಗ್ಗಲದಾಗ ಮಲಗಿಸಿಕೊಂಡ ಬೆಳೆಸೇನಿ. ಆದರೂ ಥಂಡಿ ಹತ್ತೀತಂತ ತಲಿಗೆ ಕುಂಚಿಗಿ ಕಟ್ಟತಿದ್ದಿಲ್ಲೇನು? ತಾಯಿ ಅಂತ ಹೇಳಿ ಕೂಸಿನ್ನ ಬತ್ತಲೆ ಬಿಡತಾರೇನೋ?"

ಬೋರವ್ವ ಬಿಡಲಿಲ್ಲ.

"ಒಬ್ಬ ಮಗನ್ನ ಕೊಟ್ಟಾಕಿ ನಾನು. ನಾ ಹೇಳತೇನಿ, ಕಳಸು. ಅಕೀಗೆ ಬಂತಂದ್ರ ಸಾಲಿಗೂ ಕಳಸು. ಬರದಿದ್ರ ಮನ್ಯಾಗಿರಲಿ."

"ಆತು. ಕಡೀ ದಿನ ನಾ ನೋಡತೇನಿ. ನನಗ ಖಾತ್ರಿ ಆಗದಿದ್ರ ಸಾಲಿ ಮಾತು ಯಾರೂ ಎತ್ತಬಾರದು," ಎಂದ ಅಮಸಿದ್ದಪ್ಪ.

ಗೋಡೆಯ ಈ ಕಡೆ ನಾನೂ ಹೌದೆಂದು ಗೋಣು ಹಾಕಿದೆ. ಯಾರೂ ಕೇಳಿರಲಿಲ್ಲ, ಆದರೂ ಹಾಕಿದೆ.

ಮೇ ತಿಂಗಳಲ್ಲಿ ಶಿಬಿರ ಶುರುವಾಯಿತು. ಮೊದಲ ತಕರಾರು ಬಟ್ಟೆಯದು. ಉದ್ದನೆಯ ಲಂಗ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಬೇಡ ಎಂದರು. ನಜಮಾ ತನ್ನದೊಂದು ಪೈಜಾಮ ತಂದುಕೊಟ್ಟಳು. ರೇಣವ್ವ ಅದನ್ನು ಹಾಕಿಕೊಂಡು ಅಂಗಳಕ್ಕೆ ಬಂದಾಗ ಅಮಸಿದ್ದಪ್ಪ ಆಕಾಶ ನೋಡಿದ. ಬೋರವ್ವ ಮಾತ್ರ ಬಾಯಿ ತುಂಬ ನಕ್ಕಳು.

ಮಕ್ಕಳು ಹೋದದ್ದು ದೋಣಿಯ ಆಸೆಗೆ. ಆದರೆ ಸುರುವಿಗೆ ದೋಣಿ ಮುಟ್ಟಿಸಲೇ ಇಲ್ಲ. ಜಾಕೀಟ್ ಹಾಕಿ, ಪಟ್ಟಿ ಬಿಗಿದು, ನೀರಿನಲ್ಲಿ ಸುಮ್ಮನೆ ಮಲಗಿರಿ ಎಂದರು. ಯಮನಪ್ಪ ಎಂಬ ಹುಡುಗನಿಗೆ ಚೆನ್ನಾಗಿ ಈಸು ಬರುತ್ತಿತ್ತು. ನನಗ್ಯಾಕ ಇದೆಲ್ಲ ಎಂದು ಜಾಕೀಟ್ ಇಲ್ಲದೆ ಧುಮುಕಿದ. ಶಾಬುದ್ದೀನ ಅವನನ್ನು ದಂಡೆಗೆ ಕರೆದು ಕೂರಿಸಿ, ಇಡೀ ದಿನ ಬೇರೆಯವರ ಜಾಕೀಟ್ ಒಣಗಿಸುವ ಕೆಲಸ ಕೊಟ್ಟ. ಮರುದಿನ ಎಲ್ಲರಿಗಿಂತ ಮೊದಲು ಪಟ್ಟಿ ಬಿಗಿದು ನಿಂತವನು ಅವನೇ.

ನಜಮಾಳಿಗೆ ಮುಖ ನೀರಿಗೆ ತಾಗಿದರೆ ಅಳು ಬರುತ್ತಿತ್ತು. ರೇಣವ್ವ ಅವಳ ಕೈ ಹಿಡಿದುಕೊಂಡು ಒಂದು, ಎರಡು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಮುಳುಗಿ ಏಳುತ್ತಿದ್ದರು. ಎದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುವುದೇ ನಗುವುದು.

ಸಂಜೆ ಮನೆಗೆ ಬಂದು ರೇಣವ್ವ ಅಜ್ಜಿಗೆ ಪಾಠ ಹೇಳುತ್ತಿದ್ದಳು.

"ಯಮ್ಮಾ, ಜೋರ್ ನೀರಾಗ ಬಿದ್ರ ನಿಂದ್ರಾಕ ಹೋಗಬಾರದು. ಕಾಲು ಕಲ್ಲಿನ ಸಂದ್ಯಾಗ ಸಿಕ್ಕೊಂತೈತಿ. ಅಂಗಾತ ಮಲಗಬೇಕು, ಕಾಲು ಮುಂದ ಮಾಡಿ. ಕಲ್ಲು ಬಂದ್ರ ಕಾಲಿಗೆ ಬಡೀತೈತಿ, ತಲಿಗಲ್ಲ."

"ಹಿಂಗೇನ?" ಎಂದು ಬೋರವ್ವ ಹೊರಸಿನ ಮೇಲೆ ಅಂಗಾತ ಮಲಗಿ ಕಾಲು ಚಾಚಿದಳು.

"ಬರೋಬ್ಬರಿ! ಮತ್ತ ಯಾರರ ಮುಳಗಾಕತ್ತಿದ್ರ ನಾವು ಜಿಗೀಬಾರದು."

"ಅಯ್ಯ, ಸುಮ್ಮ ನೋಡ್ಕೊಂತ ನಿಂದರೂದೇನ?"

"ಹಗ್ಗ ಒಗೀಬೇಕು. ಇಲ್ಲಾ ಕೋಲು ಚಾಚಬೇಕು. ನಾವೂ ಜಿಗದ್ರ ಒಂದು ಹೆಣ ಹೋಗಿ ಎರಡು ಆಗತಾವಂತ ಮಾಸ್ತರ ಹೇಳ್ಯಾರ."

ಒಳಗೆ ರೊಟ್ಟಿ ಮುರಿಯುತ್ತಿದ್ದ ಅಮಸಿದ್ದಪ್ಪನ ಕೈ ನಿಂತಿದ್ದು ನನಗೆ ಕಂಡಿತು. ಆ ವಾರವೆಲ್ಲ ಅವನ ಕುರಿಗಳಿಗೆ ಹೊಳೆಯ ದಂಡೆಯ ಹುಲ್ಲೇ ರುಚಿಯಾಯಿತು. ಊರ ಹಿಂದಿನ ಗುಡ್ಡದಲ್ಲಿ ಮೇವು ಬಿದ್ದಿದ್ದರೂ ಮಂದೆಯನ್ನು ಅಲ್ಲಿಗೇ ಹೊಡೆಯುತ್ತಿದ್ದ. ಮಗಳನ್ನು ನೋಡಲು ಹೋಗ್ತೀಯೇನಪ್ಪ ಎಂದರೆ, ಕುರಿ ಕೇಳೂದಿಲ್ಲರಿ ಅಕ್ಕಾರ ಎನ್ನುತ್ತಿದ್ದ.

ಕೊನೆಯ ದಿನ ಬಂತು. ಊರವರೆಲ್ಲ ಬಂಡೆಗಳ ಮೇಲೆ ಕುಳಿತಿದ್ದರು. ಡ್ಯಾಮಿನ ನೀರು ಕಲ್ಲುಗಳ ನಡುವೆ ಇರುಕಿಕೊಂಡು ಬೆಳ್ಳಗೆ ನೊರೆಯೆದ್ದು ಓಡುತ್ತಿತ್ತು. ಅಮಸಿದ್ದಪ್ಪ ಕಂಬಳಿ ಕೊಪ್ಪೆ ಹಾಕಿ, ಗಂಟು ಬಿಗಿದು, ನೀರಿಗೆ ಭಂಡಾರ ಹಾಕಿ ನಿಂತಿದ್ದ.

ಮಕ್ಕಳು ಒಬ್ಬೊಬ್ಬರೇ ಸಣ್ಣ ದೋಣಿಯಲ್ಲಿ ಕುಳಿತು ಆ ನೊರೆ ದಾಟಬೇಕಿತ್ತು. ಯಮನಪ್ಪ ದಾಟಿದ. ನಜಮಾ ದಾಟಿದಳು, ದಂಡೆಗೆ ಬಂದು ತಕ್ಷಣ ಹಗ್ಗದ ಸುರುಳಿ ಹಿಡಿದು ಬಂಡೆಯ ಮೇಲೆ ನಿಂತಳು. ಅದು ಅಲ್ಲಿನ ನಿಯಮ. ಒಬ್ಬರು ನೀರಿನಲ್ಲಿದ್ದರೆ ಒಬ್ಬರು ಹಗ್ಗ ಹಿಡಿದು ಕಾಯಬೇಕು.

ರೇಣವ್ವನ ಕೆಂಪು ದೋಣಿ ಮೇಲಿನಿಂದ ಬಂತು. ಮೊದಲ ಇಳುಕಲು ಇಳಿಯಿತು. ಎರಡನೆಯದರಲ್ಲಿ ಅಡ್ಡಡ್ಡ ತಿರುಗಿ, ಕಲ್ಲಿಗೆ ತಾಗಿ ಮಗುಚಿಬಿತ್ತು.

"ಯವ್ವಾ ರೇಣೀ!"

ಅಮಸಿದ್ದಪ್ಪ ನೀರಿಗೆ ನುಗ್ಗಿದ. ಸೊಂಟದ ತನಕ ಹೋಗಿದ್ದ. ಹಿಂದಿನಿಂದ ಶಾಬುದ್ದೀನ ಓಡಿ ಬಂದು ಕಂಬಳಿಯನ್ನೇ ಹಿಡಿದು ಎಳೆದ.

"ಬಿಡೋ ಶಾಬು, ಮಗಳು ಹೊಂಟ್ಲೋ!"

"ಎಲ್ಲೂ ಹೋಗಿಲ್ಲ. ಅಲ್ಲಿ ನೋಡಣ್ಣಾ, ನೋಡು!"

ನೊರೆಯೊಳಗಿಂದ ಜಾಕೀಟ್ ಮೇಲೆ ಬಂತು. ರೇಣವ್ವ ಅಂಗಾತ ಮಲಗಿದ್ದಳು, ಮುಖ ಮೇಲೆ, ಕಾಲು ಮುಂದೆ. ಕಲ್ಲು ಬಂದಾಗ ಕಾಲಿನಿಂದ ಒದ್ದು ಈ ಕಡೆ ತಿರುಗಿದಳು. "ಹಗ್ಗಾ!" ಎಂದು ಕೂಗಿ ನಜಮಾ ಸುರುಳಿ ಎಸೆದಳು. ರೇಣವ್ವ ಅದನ್ನು ಎದೆಗೆ ಅವಚಿಕೊಂಡಳು. ಯಾರೂ ಕೂಗಾಡಲಿಲ್ಲ, ಯಾರೂ ಜಿಗಿಯಲಿಲ್ಲ. ನೀರೇ ಅವಳನ್ನು ಅರ್ಧ ಸುತ್ತು ತಿರುಗಿಸಿ ದಂಡೆಗೆ ತಂದು ಹಚ್ಚಿತು.

"ಯಪ್ಪಾ, ಮೂಗಿನ್ಯಾಗ ನೀರು ಹೋತು!" ಎಂದು ನಗುತ್ತಾ ಎದ್ದಳು.

ಅಪ್ಪ ಮಾತ್ರ ನಗಲಿಲ್ಲ. ಮಗಳ ಕಡೆ ಹೋಗಲು ಹೆಜ್ಜೆ ಎತ್ತಿದ, ಎತ್ತಲಾಗಲಿಲ್ಲ. ಸೊಂಟದಿಂದ ಕೆಳಗೆ ಕಂಬಳಿ ನೀರು ಕುಡಿದು ಕಾಲಿಗೆ ಸುತ್ತಿಕೊಂಡಿತ್ತು. ಶಾಬುದ್ದೀನ ರಟ್ಟೆ ಹಿಡಿದು ಮೇಲೆ ತಂದ. ಬಂಡೆಯ ಮೇಲೆ ಕುಳಿತು ಅಮಸಿದ್ದಪ್ಪ ಗಂಟಿಗೆ ಕೈ ಹಾಕಿದ. ಒದ್ದೆ ಗಂಟು ಬಿಚ್ಚಲಿಲ್ಲ. ಅವನ ಬೆರಳು ಅಲ್ಲಿಯೇ ನಿಂತವು. ಆ ಒದ್ದೆ ಗಂಟು ಅವನಿಗೆ ಗುರುತಿತ್ತು.

"ಶಾಬು," ಎಂದ. "ಹಬ್ಬದ ಮುಂದ ನಾವು ಹೊಳ್ಯಾಗ ಕಂಬಳಿ ತೊಳೀತೇವಲ್ಲ."

"ಹೌದಣ್ಣಾ."

"ತೋಯ್ದ ಕಂಬಳಿ ಒಬ್ಬಗ ನೀಗೂದಿಲ್ಲ. ಒಂದು ತುದಿ ನಾ ಹಿಡಿತಿದ್ದೆ, ಒಂದು ತುದಿ ಹುಲ್ಲಪ್ಪ ಹಿಡಿತಿದ್ದ. ವರ್ಷಾ ಹಿಡದೇವಿ. ಇಬ್ರೂ ಕೂಡಿ ಮ್ಯಾಲ ಎತ್ತತಿದ್ವಿ." ಗಂಟನ್ನು ಮುಷ್ಟಿಯಲ್ಲಿ ಹಿಡಿದ. "ನನಗ ಗೊತ್ತಿತ್ತಲ್ಲೋ. ನನಗ ಗೊತ್ತಿತ್ತು. ಅಂವ ಒಬ್ಬನ ಹೆಂಗ ಈಸ್ಯಾನು?"

ಶಾಬುದ್ದೀನ ಪಕ್ಕದಲ್ಲಿ ಕುಳಿತು ತಾನೂ ಅತ್ತ. ನಾವೂ ಅತ್ತೆವು.

ಬೋರವ್ವ ಕೋಲೂರಿಕೊಂಡು ಬಂದಳು. ಮಗನ ಕೈ ಸರಿಸಿ, ಆ ಗಂಟನ್ನು ತಾನೇ ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಕಂಬಳಿಯನ್ನು ಬಂಡೆಯ ಮೇಲೆ ಬಿಸಿಲಿಗೆ ಹರಡಿದಳು.

"ಬೀರಪ್ಪಗ ನಾವು ಕಂಬಳಿ ಹಾಸತೇವಿ," ಎಂದಳು. "ಮಗನ್ನ ಹಾಸಂತ ಅಂವ ಎಂದೂ ಕೇಳಿಲ್ಲ."

ಅಂದಿನಿಂದ ನಮ್ಮೂರಲ್ಲಿ ಯಾರೂ ಸಾಯುವತನಕ ಕಂಬಳಿ ಬಿಡದ ಭಕ್ತ ಎಂಬ ಆ ಹಳೆಯ ಹೊಗಳಿಕೆಯನ್ನು ಆಡಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು, ಹರಗೋಲು ನೀರಿಗಿಳಿಯಿತು. ರೇಣವ್ವ ಪಾಟಿಚೀಲ ಹಿಡಿದು ದಂಡೆಗೆ ಬಂದಳು. ಸಂಘದವರು ಸಾಲೆಯ ಮಕ್ಕಳಿಗೆಂದು ಜಾಕೀಟು ಬಿಟ್ಟುಹೋಗಿದ್ದರು. ಅವು ಎಲ್ಲರಿಗೂ ಸಾಲದ್ದರಿಂದ ದೊಡ್ಡವರು ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಹಗ್ಗಕ್ಕೆ ಕಟ್ಟಿ ಹರಗೋಲಿನೊಳಗೆ ಕೈಗೆ ಸಿಗುವಂತೆ ಇಟ್ಟುಕೊಂಡರು. ಅಮಸಿದ್ದಪ್ಪ ಮಗಳ ಜಾಕೀಟಿನ ಪಟ್ಟಿ ತಾನೇ ಬಿಗಿದ. ನಂತರ ನೀರಿಗೆ ಭಂಡಾರ ಹಾಕಿ ಕೈಮುಗಿದ. ಅದನ್ನು ಅವನು ಬಿಟ್ಟಿಲ್ಲ, ಬಿಡಬೇಕೆಂದು ಯಾರೂ ಹೇಳಿಯೂ ಇಲ್ಲ.

ಆಮೇಲೆ ಕಂಬಳಿಯ ಗಂಟು ಬಿಚ್ಚಿದ. ನಾಲ್ಕು ಮಡಿಕೆ ಮಾಡಿ, ಹರಗೋಲಿನ ನಡುವೆ ಹೊಸ ಬುಟ್ಟಿಯೊಂದನ್ನಿಟ್ಟು ಅದರೊಳಗೆ ಮೆತ್ತಗೆ ಇರಿಸಿದ. ಹಿಂದೆ ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬೊಬ್ಬರೇ ಗಂಟಿಗೆ ಕೈ ಹಾಕಿದರು. ಆ ಬುಟ್ಟಿ ಈಗಲೂ ಇದೆ. ನಮ್ಮೂರವರು ಅದನ್ನು ಹುಲ್ಲಪ್ಪನ ಬುಟ್ಟಿ ಎನ್ನುತ್ತಾರೆ.

ಅಕ್ಕಗಳಿರಾ, ಅಣ್ಣಗಳಿರಾ, ಇದನ್ನು ಓದುವ, ಕೂತು ಕೇಳುವ ಎಲ್ಲರೂ ನಿಮ್ಮೂರ ಹೊಳೆಯನ್ನೊಮ್ಮೆ ನೆನೆಸಿಕೊಳ್ಳಿ. ಮಲಪ್ರಭೆಯಿರಲಿ, ಘಟಪ್ರಭೆಯಿರಲಿ, ಕೃಷ್ಣೆಯಿರಲಿ. ಈ ಬೇಸಿಗೆಯಲ್ಲೇ ಗೊತ್ತಿದ್ದವರ ಕೈಯಲ್ಲಿ ನಿಮ್ಮ ಮಕ್ಕಳಿಗೆ ಈಸು ಕಲಿಸಿ, ಹೆಣ್ಣುಮಕ್ಕಳಿಗೂ ಕಲಿಸಿ. ಈಸು ಬಂದರೂ ಜಾಕೀಟ್ ಹಾಕಿಸಿ. ಹರಗೋಲಿನಲ್ಲಿ ಎದ್ದು ನಿಲ್ಲಬೇಡಿ, ಅದು ತುಂಬಿದ್ದರೆ ಮುಂದಿನ ಸರದಿಗೆ ಕಾಯಿರಿ. ಬಿದ್ದರೆ ಅಂಗಾತ ಮಲಗಿ ಕಾಲು ಮುಂದೆ ಮಾಡಿ. ಯಾರಾದರೂ ಮುಳುಗುತ್ತಿದ್ದರೆ ಹಗ್ಗ ಎಸೆಯಿರಿ, ನೀವು ಜಿಗಿಯಬೇಡಿ. ದೇವರನ್ನು ನೆನೆಯಿರಿ, ಕೈಮುಗಿಯಿರಿ.

ಆದರೆ ಹತ್ತುವ ಮೊದಲು ಆ ಗಂಟು ಬಿಚ್ಚಿಬಿಡಿ. ನೀವು ಬಿಚ್ಚದಿದ್ದರೆ ನಿಮ್ಮ ಮನೆಯವರು ಬಿಚ್ಚಬೇಕಾಗುತ್ತದೆ.