ಚೊಯ್ ಮೇಸ್ತ್ರಿಯ ನಂಬರು

ಫೋನಂಗಡಿಯ ಕೌಂಟರಿನ ಹುಡುಗಿ "ಯಾರ ಹೆಸರಿಗೆ ಮಾಡ್ಲಿ?" ಎಂದು ಕೇಳುವಷ್ಟರಲ್ಲಿ ಬಿಂಗ್‌ಕ್ವಾನ್ ತನ್ನ ಗುರುತಿನ ಚೀಟಿಯನ್ನು ತೆಗೆದು ಗಾಜಿನ ಮೇಲೆ ಇಟ್ಟಾಗಿತ್ತು. ಬೆಳಿಗ್ಗೆಯಿಂದ ನಾಲ್ಕು ಸಲ ಜೇಬು ಮುಟ್ಟಿ ನೋಡಿಕೊಂಡಿದ್ದ ಚೀಟಿ. ಚೊಯ್ ಮೇಸ್ತ್ರಿ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಊರುಗೋಲಿನ ತುದಿಯಿಂದ ಆ ಕಡೆ ನಿಂತಿದ್ದ ಶುನ್‌ಲೋಕ್‌ನ ಬೂಟನ್ನು ತಟ್ಟಿ, "ಇವನ ಹೆಸರಿಗೆ ಬರ್ಕೊಳಮ್ಮ" ಎಂದರು.

"ಮತ್ತೆ ಈ ಚೀಟಿ ಯಾರ್ದು? ತಗೊಳ್ಳಿ ಅಂಕಲ್, ಇಲ್ಲೇ ಬಿಟ್ಟು ಹೋಗ್ತೀರ" ಎಂದು ಹುಡುಗಿ ಅದನ್ನು ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

ಚೀಟಿಯನ್ನು ಎತ್ತಿಕೊಳ್ಳುವಾಗ ಬಿಂಗ್‌ಕ್ವಾನ್‌ನ ಕಿವಿಯ ತುದಿ ಸುಡುತ್ತಿತ್ತು. ಆಸ್ತಿಯಲ್ಲ, ಅಂಗಡಿಯಲ್ಲ, ಎಂಟು ಅಂಕೆಯ ಒಂದು ಫೋನ್ ನಂಬರು. ಅಷ್ಟಕ್ಕೆ ಇಷ್ಟೇಕೆ ಎನ್ನುವವರು ಶಾಮ್‌ಶುಯ್‌ಪೋದ ಹಳೆಯ ಕಟ್ಟಡಗಳ ಮೆಟ್ಟಿಲು ಹತ್ತಿದವರಲ್ಲ. ಲಿಫ್ಟಿಲ್ಲದ ಆ ಕಟ್ಟಡಗಳ ಪ್ರತಿ ಮಹಡಿಯ ತಿರುವಿನಲ್ಲೂ ಗೋಡೆಯ ಮೇಲೆ ತಗಡಿನ ಅಚ್ಚಿಟ್ಟು ಬಳಿದ ಕಪ್ಪು ಅಕ್ಷರಗಳಿವೆ: 'ಮೋರಿ ಕಟ್ಟಿದರೆ, ಚೊಯ್', ಕೆಳಗೆ ಒಂಬತ್ತರಿಂದ ಶುರುವಾಗಿ ಮೂರರಲ್ಲಿ ಮುಗಿಯುವ ನಂಬರು. ಅದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕಕ್ಕಸಿನ ನೀರು ಮೇಲೆ ಬಂದಾಗ ಮೂಗು ಮುಚ್ಚಿಕೊಂಡು ಬಾಗಿಲು ತೆರೆದು ಗೋಡೆ ನೋಡುತ್ತಾರೆ, ಒತ್ತುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಹಾಗೆಯೇ.

ಅದೂ ಒಂಬತ್ತರ ನಂಬರು. ಒಂಬತ್ತರವು ಎಂದೋ ಮುಗಿದವು, ಆಮೇಲೆ ಆರು ಮುಗಿಯಿತು, ಐದು ಮುಗಿಯಿತು. ಈಗ ಹೊಸ ಸಿಮ್ ಕಾರ್ಡು ಕೇಳಿದರೆ ನಾಲ್ಕೋ ಏಳೋ ಕೈಗೆ ಹಾಕಿ ಕಳಿಸುತ್ತಾರೆ. ಒಂಬತ್ತರವನು ಅಂದರೆ ಊರಲ್ಲಿ ಬೇರು ಬಿಟ್ಟವನು, ನಾಳೆಯೂ ಸಿಗುವವನು. ನಾಲ್ಕರಿಂದ ಫೋನು ಬಂದರೆ ಯಾವನೋ ಮೋಸಗಾರ ಎಂದು ಜನ ಎತ್ತುವುದೇ ಇಲ್ಲ. ಬಿಂಗ್‌ಕ್ವಾನ್‌ನದು ಅಂಥ ನಾಲ್ಕು. ಮೊದಲು ಆರರ ನಂಬರೊಂದಿತ್ತು. ದುಡ್ಡು ಹಾಕಿಸಲು ಮರೆತ. ಹೋಗಿ ಕೇಳಿದರೆ, ಅದು ವಾಪಸು ಬಂದು ಬೇರೆಯವರಿಗೂ ಹೋಗಿಯಾಯಿತು, ನಂಬರಿಗೆ ಬರಗಾಲ ಸ್ವಾಮಿ, ಎಂದಿದ್ದರು.

ಮೇಸ್ತ್ರಿಯ ನಂಬರಿಗೂ ಅದೇ ಗತಿ ಬರುವುದಿತ್ತು. ಹೆಸರಿಲ್ಲದ ಕಾರ್ಡುಗಳಿಗೆಲ್ಲ ತಿಂಗಳೊಳಗೆ ಹೆಸರು ಬರೆಸಬೇಕು, ಇಲ್ಲದಿದ್ದರೆ ನಂಬರು ಕಿತ್ತುಕೊಳ್ಳುತ್ತಾರೆ ಎಂದು ಸುದ್ದಿಯಾಗಿತ್ತು. ಮಂಡಿ ಸವೆದ ಮೇಸ್ತ್ರಿ ತೈಪೋದ ವೃದ್ಧಾಶ್ರಮಕ್ಕೆ ಹೊರಟಿದ್ದರು. ಒಂದು ಹೆಸರು ಬರೆಸಬೇಕಿತ್ತು, ಶಿಷ್ಯರು ಇಬ್ಬರಿದ್ದರು. ಬಿಂಗ್‌ಕ್ವಾನ್ ಇಪ್ಪತ್ತೆರಡು ವರ್ಷ ಅವರ ಹಿಂದೆ, ಮೋರಿಗೆ ತೂರಿಸಿ ಕಸ ಬಿಡಿಸುವ ಉದ್ದನೆಯ ಸ್ಪ್ರಿಂಗು ಹೊತ್ತವನು. ಶುನ್‌ಲೋಕ್ ಬರೀ ಒಂಬತ್ತು ವರ್ಷ ಕೆಲಸ ಮಾಡಿದವನು, ಅದರಲ್ಲೂ ನಡುವೆ ಎರಡು ವರ್ಷ ಬೈಕಿನಲ್ಲಿ ಊಟ ಹಂಚುತ್ತೇನೆಂದು ಬಿಟ್ಟು ಹೋಗಿ ಬಂದವನು.

ಅಂಗಡಿಯಿಂದ ಮೂವರೂ ಚಹಾದಂಗಡಿಗೆ ಹೋದರು. ಹಾಲು ಹಾಕಿದ ಚಹಾ ಬಂತು. ಬಿಂಗ್‌ಕ್ವಾನ್ ಮುಟ್ಟಲಿಲ್ಲ.

"ನಂಗೇನು ಉಳಿಸಿದ್ರಿ ಮೇಸ್ತ್ರಿ?" ಎಂದ.

"ಏನು?" ಮೇಸ್ತ್ರಿ ಕಿವಿಗೆ ಕೈ ಹಿಡಿದರು. ಕಿವಿ ಮಂದವಾಗಿ ಮೂರು ವರ್ಷವಾಗಿತ್ತು.

"ನಂಗೆ! ನಂಗೇನು ಅಂದೆ!"

"ಕೂಗಬೇಡ. ನಿಂಗೆ ಕೈ ಇದೆ ಕಣೋ. ಪೈಪಿಗೆ ಕಿವಿಯಿಟ್ಟು ಎಲ್ಲಿ ಕಟ್ಟಿದೆ ಅಂತ ಹೇಳ್ತೀಯ. ನಿಂಗ್ಯಾಕೆ ನಂಬರು? ಇವನ ಕೈ ಇನ್ನೂ ಹದಕ್ಕೆ ಬಂದಿಲ್ಲ. ಇವನಿಗೆ ಬೇಕು."

"ಅಣ್ಣಾ, ಕಾರ್ಡು ಯಾರ ಹೆಸರಲ್ಲಿದ್ರೇನು?" ಶುನ್‌ಲೋಕ್ ಸಕ್ಕರೆಯನ್ನು ಅವನ ಕಡೆ ಸರಿಸಿದ. "ಬಂದ ಕೆಲಸ ಇಬ್ರೂ ಹಂಚ್ಕೊಳ್ಳೋದು. ಬೆಳಿಗ್ಗೆ ಫೋನ್ ಮಾಡಿ ನಿನ್ನ ಪಾಲು ಹೇಳ್ತೀನಿ."

"ನಿನ್ನ ಹತ್ರ ಬೆಳಿಗ್ಗೆ ಬೆಳಿಗ್ಗೆ ಕೈಯೊಡ್ಡಬೇಕಾ ನಾನು? ನಿಂಗೆ ಸ್ಪ್ರಿಂಗು ಹಿಡಿಯೋದು ಹೇಳಿಕೊಟ್ಟೋನು ಯಾರೋ?"

"ನೀನೇ ಅಣ್ಣ" ಎಂದ ಶುನ್‌ಲೋಕ್, ತಕ್ಷಣ, ಎಲ್ಲರೆದುರು, ಒಂದಿಷ್ಟೂ ಸಂಕೋಚವಿಲ್ಲದೆ. ಅದೇ ತಡೆಯಲಾಗಲಿಲ್ಲ. ಅವನು ಸ್ವಲ್ಪ ಕೊಬ್ಬಿ ಮಾತಾಡಿದ್ದರೆ ಹೊಟ್ಟೆಕಿಚ್ಚು ಕಾರಿಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ.

ಬಿಂಗ್‌ಕ್ವಾನ್ ಬೇರೆಯಾದ. ತನ್ನ ನಾಲ್ಕರ ನಂಬರಿಗೆ ಒಂದು ಹೊಸ ತಗಡು ಕತ್ತರಿಸಿಕೊಂಡು ಮೆಟ್ಟಿಲು ಮೆಟ್ಟಿಲು ಅಚ್ಚು ಹಾಕಿದ. ಅವನ ಅಚ್ಚು ಮಿರಮಿರ ಮಿಂಚುತ್ತಿತ್ತು, ಮೇಸ್ತ್ರಿಯದು ಮಾಸಿತ್ತು. ಆದರೂ ಜನ ಮಾಸಿದ್ದಕ್ಕೇ ಫೋನು ಮಾಡಿದರು. ವಾರದಲ್ಲಿ ಎರಡು ಕೆಲಸ ಬಂದರೆ ಹೆಚ್ಚು. ಪೇಹೋ ಬೀದಿಯಲ್ಲಿ ಶುನ್‌ಲೋಕ್ ಹೆಗಲ ಮೇಲೆ ಸ್ಪ್ರಿಂಗು ಹೊತ್ತು, ಕುತ್ತಿಗೆ ಓರೆ ಮಾಡಿ ಫೋನಿನಲ್ಲಿ "ಬಂದೆ ಅಮ್ಮ, ಬಂದೆ" ಎನ್ನುತ್ತ ಓಡುವುದು ಕಂಡಾಗಲೆಲ್ಲ ಬಿಂಗ್‌ಕ್ವಾನ್‌ಗೆ ಬಾಯಿ ಕಹಿಯಾಗುತ್ತಿತ್ತು. ಆ 'ಬಂದೆ ಅಮ್ಮ' ತನ್ನದು. ತಾನು ಹೇಳಬೇಕಾದದ್ದು.

ಒಂದು ಮಧ್ಯಾಹ್ನ ಕೀಲುಂಗ್ ಬೀದಿಯ ಕಟ್ಟಡವೊಂದರಲ್ಲಿ ತನ್ನ ಅಚ್ಚನ್ನು ಒತ್ತುವಾಗ ಪಕ್ಕದ ಮೇಸ್ತ್ರಿಯ ಅಚ್ಚಿನ ಕೊನೆಯ ಮೂರರ ಮೇಲೆ ಕಣ್ಣು ನಿಂತಿತು. ಎರಡು ಬಾಗು, ಎಡಗಡೆ ತೆರೆದಿದೆ. ಮುಚ್ಚಿದರೆ ಎಂಟು.

ಫೋನು ತೆಗೆದು ಎಂಟರಲ್ಲಿ ಮುಗಿಯುವ ಆ ನಂಬರನ್ನು ಒತ್ತಿದ. 'ಈ ಸಂಖ್ಯೆ ಬಳಕೆಯಲ್ಲಿಲ್ಲ' ಎಂದು ಹೆಣ್ಣುದನಿ ಹೇಳಿತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಹೇಳಿತು. ಕುಂಚ ಕೈಯಲ್ಲೇ ಇತ್ತು. ಎರಡು ಗೆರೆ ಎಳೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮೋರಿಯವನು ಮೆಟ್ಟಿಲಲ್ಲಿ ಬಣ್ಣ ಬಳಿಯುತ್ತಿದ್ದರೆ ಏನು ಮಾಡುತ್ತೀಯ ಎಂದು ಯಾರು ಕೇಳುತ್ತಾರೆ? ಹತ್ತು ದಿನದಲ್ಲಿ ಅರವತ್ತು ಕಟ್ಟಡ ಮುಗಿಸಿದ. ತನ್ನ ಆರರ ನಂಬರು ಹೀಗೆಯೇ ಸತ್ತು, ಮತ್ತೆ ಯಾರದೋ ಜೇಬಿನಲ್ಲಿ ಎದ್ದು ಕೂತದ್ದು ಅವನ ನೆನಪಿಗೆ ಬರಲೇ ಇಲ್ಲ. ಹೊಟ್ಟೆ ಉರಿಯುವಾಗ ತಲೆ ಎಲ್ಲಿ ಓಡುತ್ತದೆ?

ಆರು ವಾರದ ಮೇಲೆ ಅವನ ಫೋನು ರಿಂಗಾಯಿತು. ಎತ್ತಿದರೆ ಒಬ್ಬ ಹೆಂಗಸು ಅಳುವ ಹಾಗಿದ್ದಳು.

"ಮೋರಿಯವ್ರಾ? ನಿಮ್ಮ ನಂಬರು ನಮ್ಮ ಮೆಟ್ಟಿಲ ಗೋಡೇಲಿತ್ತು, ಮೋರಿ ವಿಷಯ ನಿಮಗೆ ಗೊತ್ತಿರುತ್ತೆ ಅಂತ ಮಾಡ್ದೆ. ನನ್ ಹೆಸರು ಮಾಕ್. ಬಟ್ಟೆ ಒಗೆಯೋ ಅಂಗಡೀಲಿ ಕೆಲಸ. ಹೊಸ ಕಾರ್ಡು ತಗೊಂಡು ಐದು ದಿನ ಆಯ್ತಣ್ಣ, ಯಾರ್ಯಾರೋ ಫೋನ್ ಮಾಡಿ ಕಕ್ಕಸು ಕಟ್ಟಿದೆ ಅಂತಾರೆ. ನಿನ್ನೆ ಒಬ್ಬಳು ಅಜ್ಜಿ ಬೈದೇ ಬಿಟ್ಲು, ಬರ್ತೀಯೋ ಇಲ್ವೋ ಅಂತ!"

ಬಿಂಗ್‌ಕ್ವಾನ್ ಗೋಡೆಗೆ ಒರಗಿ ನಿಂತ. "ನಂಬರಿನ ಕೊನೇ ಅಂಕೆ ಎಂಟಾ?"

"ಹೌದು! ನಿಮಗೆ ಹ್ಯಾಗೆ ಗೊತ್ತು?"

"ಗೊತ್ತಾಯ್ತು ಬಿಡಿ. ಬೇರೆ ಕಾರ್ಡು ತಗೊಳ್ಳಕ್ಕೆ ಹೋಗ್ಬೇಡಿ ಅಕ್ಕ. ಯಾರು ಫೋನ್ ಮಾಡಿದ್ರೂ ಬೀದಿ, ಮಹಡಿ ಬರ್ಕೊಂಡು ನನಗೆ ಹೇಳಿ, ಕೆಲಸಕ್ಕಿಷ್ಟು ಅಂತ ಕೊಡ್ತೀನಿ. ಉಳಿದದ್ದು ನಾನು ನೋಡ್ಕೋತೀನಿ."

ಅಂದಿನಿಂದ ಅವನ ದೆಸೆ ತಿರುಗಿತು. ಮಾಕ್ ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ಚೀಟಿ ಇಟ್ಟುಕೊಂಡು ದಿನಕ್ಕೆ ಆರೇಳು ವಿಳಾಸ ಹೇಳಿದಳು. ಬಾಗಿಲು ತೆರೆದವರು "ಚೊಯ್ ಮೇಸ್ತ್ರಿ ಕಡೆಯವ್ರಾ?" ಎಂದರೆ ಬಿಂಗ್‌ಕ್ವಾನ್ ಎದೆಯುಬ್ಬಿಸಿ "ಹೌದಮ್ಮ, ಹಿರೀ ಶಿಷ್ಯ" ಎನ್ನುತ್ತಿದ್ದ. ಸುಳ್ಳೇನಲ್ಲವಲ್ಲ. ತನಗೆ ಸೇರಬೇಕಾದದ್ದು ಸುತ್ತು ಹಾಕಿ ತನ್ನ ಮನೆಗೇ ಬಂತು ಎಂದುಕೊಂಡ. ಪೇಹೋ ಬೀದಿಯಲ್ಲಿ ಶುನ್‌ಲೋಕ್ ಈಗ ಓಡುತ್ತಿರಲಿಲ್ಲ. ಹಣ್ಣಿನಂಗಡಿಯ ಪಕ್ಕ ಪೆಟ್ಟಿಗೆಯ ಮೇಲೆ ಕೂತು ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅದನ್ನು ನೋಡಲೆಂದೇ ಬಿಂಗ್‌ಕ್ವಾನ್ ದಿನಕ್ಕೊಮ್ಮೆ ಆ ಬೀದಿಯಿಂದ ಹಾದು ಹೋಗುತ್ತಿದ್ದ.

ಒಂದು ದಿನ ಶುನ್‌ಲೋಕೇ ಎದ್ದು ಬಂದ.

"ಅಣ್ಣಾ, ಎರಡು ತಿಂಗಳಿಂದ ಕೆಲಸದ ಫೋನೇ ಬರ್ತಿಲ್ಲ. ಜನಕ್ಕೆ ನನ್ನ ಕೆಲಸ ಹಿಡಿಸಲಿಲ್ಲ ಅಂತ ಕಾಣುತ್ತೆ. ಮೇಸ್ತ್ರಿ ಹೇಳಿದ್ದು ಸರಿ, ಕೈ ಹದ ಆಗಿಲ್ಲ. ನಿನ್ನ ಜೊತೆ ಸ್ಪ್ರಿಂಗು ಹೊರೋದಕ್ಕಾದ್ರೂ ಬರ್ಲಾ?"

ಬಿಂಗ್‌ಕ್ವಾನ್ ಸ್ಪ್ರಿಂಗನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಬೇಡವೆನ್ನಬಹುದಿತ್ತು. ಆದರೆ ಇವನು ತನ್ನ ಹಿಂದೆ ಸ್ಪ್ರಿಂಗು ಹೊತ್ತು ಮೆಟ್ಟಿಲು ಹತ್ತುವುದನ್ನು ನೋಡುವ ಆಸೆ ದೊಡ್ಡದಾಯಿತು. "ಬಾ" ಎಂದ.

ಐದನೆಯ ಮಹಡಿಯ ಮುದುಕಿಯ ಅಡುಗೆಮನೆ ಮೋರಿ. ಅರ್ಧ ಗಂಟೆಯಲ್ಲಿ ನೀರು ಗಳಗಳ ಇಳಿಯಿತು. ಮುದುಕಿಗೆ ಖುಷಿಯೋ ಖುಷಿ. "ನೋಡಪ್ಪ, ಇಪ್ಪತ್ತು ವರ್ಷದಿಂದ ನಾನು ಬೇರೆ ಯಾರನ್ನೂ ಕರೆದವಳಲ್ಲ" ಎಂದಳು. "ಗೋಡೆ ಮೇಲೆ ಚೊಯ್ ನಂಬರು ಇದೆ, ಒತ್ತಿದೆ, ನೀವು ಬಂದ್ರಿ."

"ಗೋಡೆ ಮೇಲಿನ ನಂಬರಿಗೇನಾ ಅಜ್ಜಿ?" ಶುನ್‌ಲೋಕ್ ಕೇಳಿದ.

"ಅದಕ್ಕೇ. ಇವತ್ತು ಬೆಳಿಗ್ಗೆ ಎಂಟೂವರೆಗೆ. ಯಾರೋ ಹೆಂಗಸು ಎತ್ತಿದ್ಲು."

ಬಿಂಗ್‌ಕ್ವಾನ್ ಬಗ್ಗಿ ಬಕೆಟ್ಟಿನಲ್ಲಿ ಕೈ ತೊಳೆಯುತ್ತಲೇ ಇದ್ದ. ಶುನ್‌ಲೋಕ್ ಜೇಬಿನಿಂದ ಫೋನು ತೆಗೆದು ನೋಡಿ ಒಳಗಿಟ್ಟುಕೊಂಡ. ಸ್ಪ್ರಿಂಗನ್ನು ಹೆಗಲಿಗೇರಿಸಿಕೊಂಡು ಮೊದಲು ಇಳಿದ.

ನಾಲ್ಕನೆಯ ಮಹಡಿಯ ತಿರುವಿನಲ್ಲಿ ನಿಂತಿದ್ದ. ಹಗಲಿನ ಬೆಳಕು ಕಿಟಕಿಯಿಂದ ನೇರ ಗೋಡೆಗೆ ಬೀಳುತ್ತಿತ್ತು. ಏಳು ಅಂಕೆ ಮಾಸಿತ್ತು, ಎಂಟನೆಯದರ ಬಲಗಡೆ ಮಾಸಿತ್ತು, ಎಡಗಡೆ ಮಾತ್ರ ಕಡುಕಪ್ಪು, ಪಕ್ಕದಲ್ಲಿದ್ದ ಬಿಂಗ್‌ಕ್ವಾನ್‌ನ ಹೊಸ ಅಚ್ಚಿನಷ್ಟೇ ಕಪ್ಪು. ಶುನ್‌ಲೋಕ್ ಹೆಬ್ಬೆರಳಿನಿಂದ ಆ ಗೆರೆಯನ್ನು ಉಜ್ಜಿ, ಬೆರಳನ್ನು ನೋಡಿಕೊಂಡು ಪ್ಯಾಂಟಿಗೆ ಒರೆಸಿದ. ಬಿಂಗ್‌ಕ್ವಾನ್ ಮೂರು ಮೆಟ್ಟಿಲು ಮೇಲೆಯೇ ನಿಂತುಬಿಟ್ಟ. ಬೈದಿದ್ದರೆ, ಕಾಲರ್ ಹಿಡಿದಿದ್ದರೆ ಅವನಿಗೂ ಹೇಳಲು ಬೇಕಾದಷ್ಟು ಮಾತಿತ್ತು.

ಶುನ್‌ಲೋಕ್ ಸ್ಪ್ರಿಂಗನ್ನು ನೆಲಕ್ಕಿಳಿಸಿದ. ಫೋನಿನ ಪಕ್ಕೆಯಿಂದ ಚಿಕ್ಕ ಕಾರ್ಡನ್ನು ತೆಗೆದು, ಬಸ್ ಟಿಕೇಟೋ ಏನೋ ಒಂದು ಕಾಗದದಲ್ಲಿ ಮಡಿಸಿ ಚಾಚಿದ.

"ತಗೋ. ನಿಂಗೆ ಬೇಕಿತ್ತಲ್ಲ, ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಅವತ್ತೇ ಕೊಡ್ತಿದ್ದೆ" ಎಂದ. "ನಾಳೆ ಅಂಗಡಿಗೆ ಬಾ, ಹೆಸರು ಬದಲಾಯಿಸಿಕೊಡ್ತೀನಿ. ಸೋಮವಾರದಿಂದ ನಾನು ಏರ್‌ಪೋರ್ಟಿನಲ್ಲಿ ಸಾಮಾನು ಎತ್ತೋ ಕೆಲಸಕ್ಕೆ ಹೋಗ್ತೀನಿ."

ಅವನು ಮೆಟ್ಟಿಲಿಳಿದು ಹೋದ. ಅಣ್ಣ ಎಂದಿರಲಿಲ್ಲ.

ಮಧ್ಯಾಹ್ನ ಬಿಂಗ್‌ಕ್ವಾನ್ ಚಹಾದಂಗಡಿಯಲ್ಲಿ ಅನ್ನ, ಸುಟ್ಟ ಹಂದಿಮಾಂಸ ಹೇಳಿ ಕೂತ. ಚೀಲದಲ್ಲಿದ್ದ ಹಳೆಯ ಫೋನಿಗೆ ಒಂಬತ್ತರ ಕಾರ್ಡು ಹಾಕಿ ಮೇಜಿನ ಮೇಲಿಟ್ಟ. ಕೊನೆಗೂ ಅದು ಅವನದು. ಅರವತ್ತು ಕಟ್ಟಡದ ಯಾವ ಗೋಡೆಯ ಮೇಲೂ ಈಗ ಇಲ್ಲದ ನಂಬರು. ಊಟ ಬಂತು, ಆರಿತು. ಇನ್ನೊಂದು ಫೋನಿಗೆ ಮಾಕ್ ಎರಡು ಸಲ ಕರೆದಳು, ಎತ್ತಲಿಲ್ಲ. ಒಂಬತ್ತರದು ಸುಮ್ಮನೆ ಬಿದ್ದಿತ್ತು.

ಒಂದೂವರೆಗೆ ಅದು ರಿಂಗಾಯಿತು. ಬಿಂಗ್‌ಕ್ವಾನ್ ಗಬಕ್ಕನೆ ಎತ್ತಿಕೊಂಡ.

"ಶುನ್? ನಾನು ಕಣಪ್ಪ" ಎಂದರು ಚೊಯ್ ಮೇಸ್ತ್ರಿ. ಹಿಂದೆ ಆಶ್ರಮದ ಟೀವಿಯ ಗದ್ದಲ. "ದಿನಾ ಮಾಡೋ ಹೊತ್ತಿಗಿಂತ ಇವತ್ತು ತಡ ಆಯ್ತು. ಇಲ್ಲಿ ಫೋನಿಗೆ ಸಾಲು ನಿಲ್ಲಬೇಕು. ಊಟ ಆಯ್ತೇನೋ ಮಗಾ?"

ಇಪ್ಪತ್ತೆರಡು ವರ್ಷದಲ್ಲಿ ಮೇಸ್ತ್ರಿ ಬಿಂಗ್‌ಕ್ವಾನ್‌ನನ್ನು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಈ ದನಿಯೊಂದು ಅವರ ಗಂಟಲಲ್ಲಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ದಿನಾ ಮಾಡುತ್ತಿದ್ದರು. ದಿನಾ ಇದನ್ನೇ ಕೇಳುತ್ತಿದ್ದರು. ಹಳೆಯ ಕಿಚ್ಚು ಭಗ್ಗೆಂದು ಎದ್ದಿತು. ನಾನು ಬಿಂಗ್ ಎನ್ನಲು ಬಾಯಿ ತೆರೆದ.

"ಶುನ್? ಕೇಳ್ತಿದೆಯಾ? ಊಟ ಮಾಡ್ದೆಯಾ ಅಂದೆ."

ಬಿಂಗ್‌ಕ್ವಾನ್ ಗಂಟಲು ಸರಿ ಮಾಡಿಕೊಂಡು, ದನಿಯನ್ನು ಆದಷ್ಟು ತೆಳ್ಳಗೆ ಮಾಡಿ, "ಮಾಡ್ತಾ ಇದೀನಿ ಮೇಸ್ತ್ರಿ" ಎಂದ.

"ಏನು ತಿಂತಿದೀಯ?"

ಅವನು ತಟ್ಟೆ ನೋಡಿದ. ಎಡಗೈಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಬಲಗೈಯಿಂದ ಊಟದ ಕಡ್ಡಿಗಳನ್ನು ಎತ್ತಿಕೊಂಡು, ತಟ್ಟೆಯಲ್ಲಿದ್ದದ್ದನ್ನು ಒಂದೊಂದಾಗಿ ಹೇಳತೊಡಗಿದ.