ಲೆಸಿಯೇಲಿಯ ಜಡೆ

ಬೆಳಿಗ್ಗೆ ಏಳಕ್ಕೆ ಪಿಸೀಲ ಚಹಾ ಹಿಡಿದು ಅಮ್ಮನ ಕೋಣೆಗೆ ಹೋದಾಗ ಹಾಸಿಗೆ ಖಾಲಿಯಿತ್ತು. ಅಮ್ಮ ಲೆಸಿಯೇಲಿ ಹೊರಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಮಂಚದಡಿ ಸುತ್ತಿಟ್ಟಿದ್ದ, ಅಂಚು ಹರಿದ ಚಾಪೆಯನ್ನು ತಾನೇ ಎಳೆದು ತಂದು ಸೊಂಟಕ್ಕೆ ಸುತ್ತಿ ಹುರಿಯಿಂದ ಬಿಗಿದುಕೊಂಡಿದ್ದಳು. ಅದು ಸೂತಕದ ಚಾಪೆ. ಮನೆಯಲ್ಲಿ ಸಾವಾದಾಗಲಷ್ಟೇ ಹೊರಗೆ ಬರುವಂಥದ್ದು.

"ಯಾರು ಹೋದ್ರೇ?" ಎಂದಳು, ಬರಿದಾದ ಕತ್ತನ್ನು ಸವರಿಕೊಳ್ಳುತ್ತ.

"ಯಾರೂ ಹೋಗಿಲ್ಲಮ್ಮ. ಚಾ ಕುಡಿ."

"ಮುಚ್ಚಿಡ್ಬೇಡ. ಸುಮ್ನೆ ಯಾರಾದ್ರೂ ನನ್ನ ಜಡೆ ಕತ್ತರಿಸ್ತಾರಾ? ನಿಮ್ಮಪ್ಪನಾ? ಹೇಳು, ನಿಮ್ಮಪ್ಪ ಹೋದ್ರಾ?"

ಅಪ್ಪ ಮೊಸೆಸೆ ಹೋಗಿ ಹನ್ನೆರಡು ವರ್ಷವಾಗಿತ್ತು. ಆಗ ಸೋದರತ್ತೆ ಕಲೊಲೈನೆ ಕತ್ತರಿ ಹಿಡಿದು ಬಂದು, ಸಾವಾದ ಮನೆಯ ಹೆಂಗಸರ ಕೂದಲನ್ನು ಸೋದರತ್ತೆಯೇ ತೆಗೆಯಬೇಕೆಂಬ ತಮ್ಮ ದ್ವೀಪದ ಪದ್ಧತಿಯಂತೆ ಮೊದಲು ಅಮ್ಮನ ಕೂದಲನ್ನು, ಆಮೇಲೆ ಪಿಸೀಲಳ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದಳು. ಅದಾದ ಮೇಲೆ ತಾಯಿಯಾಗಲಿ ಮಗಳಾಗಲಿ ಕೂದಲಿಗೆ ಕತ್ತರಿ ಸೋಕಿಸಿರಲಿಲ್ಲ. ಇಬ್ಬರದೂ ಸೊಂಟದವರೆಗೆ ಬೆಳೆದಿತ್ತು.

ಈ ಸಲ ಕತ್ತರಿಸಿದವಳು ಪಿಸೀಲಳೇ. ಆಕ್ಲೆಂಡ್‌ನ ಒಟಾಹುಹುವಿನಲ್ಲಿ, ಮನೆಯ ಮುಂಭಾಗದಲ್ಲೇ ಅವಳ ಸಲೂನು. ಮೂವತ್ತು ವರ್ಷದ ಕೈ. ಅಮ್ಮನಿಗೆ ಮರೆವು ಹೆಚ್ಚಾದಂತೆ ತಲೆ ತೊಳೆಯುವುದೆಂದರೆ ಕಿರುಚಾಟವಾಗಿತ್ತು. ಒದ್ದೆ ತುರುಬಿನಡಿ, ಕಿವಿಯ ಹಿಂದೆ ಹುಣ್ಣಾಯಿತು. ದವಾಖಾನೆಯ ನರ್ಸ್ ಕೂದಲು ತೆಗೆಸಿ ಎಂದಳು. ಪದ್ಧತಿ ಪಿಸೀಲಳಿಗೆ ಗೊತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆ ತಿಂದದ್ದೇ ಮಧ್ಯಾಹ್ನಕ್ಕೆ ನೆನಪಿರದವಳು, ಜಡೆಯನ್ನೂ ಒಂದು ದಿನದಲ್ಲಿ ಮರೆಯುತ್ತಾಳೆ ಎಂದುಕೊಂಡಿದ್ದಳು.

ತಪ್ಪಿದ್ದು ಅಲ್ಲೇ. ಕತ್ತರಿಸಿದ್ದು ಅಮ್ಮನಿಗೆ ನೆನಪಿರಲಿಲ್ಲ, ನಿಜ. ಆದರೆ ಕೈ ಕತ್ತಿಗೆ ತಾಗಿದಾಗಲೆಲ್ಲ ಸಾವು ಹೊಸದಾಗಿ ಸಂಭವಿಸುತ್ತಿತ್ತು. ದಿನಕ್ಕೆ ನಾಲ್ಕು ಸಲ, ಕೆಲವೊಮ್ಮೆ ಏಳು ಸಲ. ಪ್ರತಿ ಸಲವೂ ಮೊದಲ ಸಲದ ಅಳು.

ಭಾನುವಾರ ಚರ್ಚ್ ಮುಗಿಸಿ ಕಲೊಲೈನೆ ಅತ್ತೆ ಬಂದಳು. ಕೆಸುವಿನ ಎಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕುರಿಮಾಂಸದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ಅತ್ತಿಗೆಯ ತಲೆ ನೋಡಿದಳು.

"ಇಡೀ ಒಟಾಹುಹುವಿನ ತಲೆ ನಿನ್ನ ಕೈಲಿದೆ, ಅದೂ ಸಾಲದೇನೇ? ನಮ್ಮನೆ ತಲೆಗೆ ಕತ್ತರಿ ಹಾಕೋಳು ನಾನು. ನಾನಿನ್ನೂ ಸತ್ತಿಲ್ಲ."

"ಹುಣ್ಣಾಗಿತ್ತು ಅತ್ತೆ."

"ಹುಣ್ಣಿಗೆ ಎಣ್ಣೆ ಹಚ್ತಾರೆ. ನಿನ್ನ ಹಲ್ಲು ನೋವಿಗೆ ನಾವೇನು ತಲೆ ತೆಗೆಸಿದ್ವಾ? ಜಡೆ ಎಲ್ಲಿ? ಕಸಕ್ಕೆ ಎಸೆದ್ಯಾ?"

"ಡ್ರಾಯರಲ್ಲಿದೆ."

"ಹಾಗಾದ್ರೆ ವಾಪಸ್ ಅಂಟಿಸು! ಗೋಡೆ ತುಂಬ ಸರ್ಟಿಫಿಕೇಟ್ ತೂಗುಹಾಕಿದ್ದೀಯಲ್ಲ, ಯಾವ ಸುಖಕ್ಕೆ?"

ಅತ್ತೆ ಚುಚ್ಚಿದ್ದಷ್ಟೇ. ಪಿಸೀಲ ಮಾತ್ರ ಅಂದೇ ಮಧ್ಯಾಹ್ನ ಡ್ರಾಯರು ತೆರೆದಳು.

ವಿಗ್ ಕಟ್ಟುವುದನ್ನು ಅವಳು ಎಂದೋ ಕಲಿತಿದ್ದಳು. ಅಮ್ಮನ ತಲೆಯ ಅಳತೆಗೆ ತೆಳುವಾದ ಬಲೆಯ ಟೋಪಿ ಹೊಲಿದು, ಅದರ ಒಂದೊಂದು ಕಣ್ಣಿಗೂ ಎರಡೆರಡೇ ಎಳೆಗಳನ್ನು ಕೊಕ್ಕೆಸೂಜಿಯಿಂದ ಗಂಟು ಹಾಕಬೇಕು. ಬುಡ ತುದಿ ಅದಲುಬದಲಾಗಬಾರದು. ಕೂದಲಿನ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಒಂದು ಎಳೆ ತಿರುಗುಮುರುಗಾದರೂ ಪಕ್ಕದ್ದನ್ನು ಹಿಡಿದು ಸಿಕ್ಕಾಗುತ್ತದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ಪಿಸೀಲ ತಲೆ ತಗ್ಗಿಸಿ ಗಂಟು ಹಾಕಿದಳು.

ಎಂಬತ್ತೊಂದು ವರ್ಷದವಳ ಜಡೆ, ಎಷ್ಟೆಂದು ಬಂದೀತು? ನೆತ್ತಿಯ ಅರ್ಧಕ್ಕೇ ಮುಗಿಯಿತು. ಅಂಗಡಿಯಿಂದ ತಂದ ಬಿಳಿಗೂದಲನ್ನು ಕೈಗಿಟ್ಟರೆ ಅಮ್ಮ ಬೆರಳಲ್ಲಿ ಹೊಸೆದು, "ಇದು ಬಲೆ ಹೆಣೆಯೋ ದಾರ" ಎಂದು ಬಿಸಾಡಿದಳು. ಆಗ ಪಿಸೀಲ ಕನ್ನಡಿಯ ಮುಂದೆ ನಿಂತು ತನ್ನ ಜಡೆಯ ದಪ್ಪವನ್ನು ಅಮ್ಮನದರ ಜೊತೆ ಹೋಲಿಸಿದಳು. ಅದೇ ನಯ, ಅದೇ ಅಲೆ. ಕತ್ತರಿಸಿದಳು. ಬಣ್ಣ ತೆಗೆದು ಬಿಳಿ ಮಾಡಿದಳು. ಆ ಹೊತ್ತಿನಲ್ಲಿ ಅವಳಿಗೆ ಕಂಡದ್ದು ಉದ್ದ, ದಪ್ಪ, ಬುಡ, ತುದಿ, ಇಷ್ಟೇ.

ಆರು ವಾರ ಹಿಡಿಯಿತು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಮ್ಮನನ್ನು ಸಲೂನಿನ ಕುರ್ಚಿಯಲ್ಲಿ ಕೂರಿಸಿದಳು. ಸೊಂಟದ ಚಾಪೆ ಬಿಚ್ಚಿ ಪಕ್ಕಕ್ಕಿಟ್ಟಳು. ವಾಸಿಯಾದ ಹುಣ್ಣಿನ ಸುತ್ತ ಕೊಬ್ಬರಿ ಎಣ್ಣೆ ಸವರಿ, ವಿಗ್ ತೊಡಿಸಿ, ಬಾಚಿ, ಜಡೆ ಹೆಣೆದು ಹೆಗಲ ಮೇಲಿಂದ ಎದೆಗೆ ಇಳಿಬಿಟ್ಟಳು.

ಲೆಸಿಯೇಲಿಯ ಕೈ ಅಭ್ಯಾಸದಂತೆ ಕತ್ತಿಗೆ ಹೋಯಿತು. ಅಲ್ಲಿ ಕೂದಲಿತ್ತು. ಕೈ ಜಡೆಗುಂಟ ಕೆಳಗಿಳಿಯಿತು, ಗಂಟು ಗಂಟಾಗಿ, ತುದಿಯವರೆಗೆ. ಎಷ್ಟೋ ದಿನಗಳ ಮೇಲೆ ಅವಳ ಹೆಗಲು ಸಡಿಲವಾಯಿತು.

"ಎಣ್ಣೆ ಸಾಕಾಗಿಲ್ಲ ಕಣೇ," ಎಂದಳು, ಠೀವಿಯಿಂದ.

ಪಿಸೀಲ ನಕ್ಕುಬಿಟ್ಟಳು. ನಗುತ್ತಲೇ ಕನ್ನಡಿ ನೋಡಿದರೆ ಅಮ್ಮನ ಕಣ್ಣು ಜಡೆಯ ಮೇಲಿರಲಿಲ್ಲ. ಕನ್ನಡಿಯಲ್ಲಿ, ತನ್ನ ಹಿಂದೆ ನಿಂತವಳ ತಲೆಯ ಮೇಲಿತ್ತು. ಇಷ್ಟು ದಿನ ಅಮ್ಮನಿಗೆ ತನ್ನದು ಬಿಟ್ಟು ಬೇರೆ ತಲೆ ಕಂಡಿರಲೇ ಇಲ್ಲ.

"ಯಾರು ಹೋದ್ರೇ?"

ಪಿಸೀಲ ಬಾಚಣಿಗೆ ಕೆಳಗಿಟ್ಟಳು. "ಯಾರೂ ಇಲ್ಲಮ್ಮ, ಇದು..."

"ನನ್ನ ಜಡೆ ಇದೆ. ನಿಂದ್ಯಾಕಿಲ್ಲ? ಯಾರನ್ನ ಬಚ್ಚಿಡ್ತಿದ್ದೀಯ?" ಧ್ವನಿ ಏರುತ್ತಿತ್ತು. ಬೆರಳುಗಳು ಜಡೆ ಬಿಟ್ಟು ಮತ್ತೆ ಕತ್ತಿನ ಕಡೆ, ಬಲೆಯ ಅಂಚಿನ ಕಡೆ ಹೊರಟವು.

ಯಾರೂ ಇಲ್ಲ ಎಂಬ ಮಾತನ್ನು ಅಮ್ಮ ಒಂದು ದಿನವೂ ನಂಬಿರಲಿಲ್ಲ. ಇನ್ನೊಂದು ಸಲ ಹೇಳಿದರೆ ಆ ಬೆರಳುಗಳು ಹುಡುಕುವುದನ್ನು ನಿಲ್ಲಿಸುವುದಿಲ್ಲ.

"ಹೌದಮ್ಮ," ಎಂದಳು ಪಿಸೀಲ. "ಹೋದ್ರು."

"ಯಾರು?"

ಬಾಯಿಗೆ ಬಂದ ಹೆಸರನ್ನು ಅವಳಿಗೆ ಹೇಳಲಾಗಲಿಲ್ಲ. ಅದು ಅಪ್ಪನ ಹೆಸರಾಗಿರಲಿಲ್ಲ, ಕುರ್ಚಿಯಲ್ಲಿ ಕೂತವಳದು.

ಲೆಸಿಯೇಲಿ ಒತ್ತಾಯಿಸಲಿಲ್ಲ. "ಹೇಳೋಕಾಗಲ್ಲ ಅಲ್ವಾ? ಅಯ್ಯೋ ಮಗಳೇ. ಬಾ, ಕೂತ್ಕೋ." ತಾನೇ ಕುರ್ಚಿ ಬಿಟ್ಟು ಎದ್ದಳು. ನೆಲದಲ್ಲಿದ್ದ ಚಾಪೆ ಎತ್ತಿ ಮಗಳ ಸೊಂಟಕ್ಕೆ ಸುತ್ತಿದಳು. ಚಮಚದ ಹಿಡಿಯನ್ನೇ ಮರೆತ ಆ ಬೆರಳುಗಳು ಹುರಿಯ ಗಂಟನ್ನು ತಡವರಿಸದೆ ಹಾಕಿದವು. ಕುರ್ಚಿಯಲ್ಲಿ ಕೂರಿಸಿ, ಅಂಗೈಗೆ ಎಣ್ಣೆ ಸುರಿದುಕೊಂಡು, ಮೊಂಡು ಕೂದಲಿಗೆ ತಿಕ್ಕತೊಡಗಿದಳು.

ಪಿಸೀಲ ಅತ್ತಳು. ಆರು ವಾರಗಳಿಂದ ಆ ಮನೆಯಲ್ಲಿ ಅತ್ತವಳು ಅಮ್ಮ ಒಬ್ಬಳೇ.

"ಅಳು, ಅಳು. ಕೂದಲು ಬೆಳೆಯುತ್ತೆ ಬಿಡು," ಎಂದಳು ಲೆಸಿಯೇಲಿ. "ನಂದು ನೋಡು, ಬೆಳೀಲಿಲ್ವಾ?"

ಅವಳು ಬಾಗಿದಾಗಲೆಲ್ಲ ಜಡೆ ಮಗಳ ಹೆಗಲಿಗೆ ತಾಗುತ್ತಿತ್ತು. ಅದರ ಭಾರಕ್ಕೆ ವಿಗ್ಗಿನ ಹಿಂಬದಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆ ಸರಿಯುತ್ತಿರುವುದು ಎದುರುಬದುರಿನ ಎರಡು ಕನ್ನಡಿಗಳಲ್ಲಿ ಪಿಸೀಲಳಿಗೆ ಕಾಣುತ್ತಿತ್ತು. ಅಮ್ಮನ ಕತ್ತು ಬೆರಳಗಲ ಬರಿದಾಗಿತ್ತು. ಕೈ ಎತ್ತಿ ಸರಿಪಡಿಸಿದರೆ ಅಮ್ಮನ ಕೈಯೂ ಹಿಂಬಾಲಿಸಿ ಅಲ್ಲಿಗೇ ಬರುತ್ತದೆ.

ಅವಳು ಅಲುಗಾಡದೆ ಕೂತಳು. ಅಮ್ಮ ಎಣ್ಣೆ ತಿಕ್ಕುತ್ತಲೇ ಇದ್ದಳು.